ನೋವಿನ ಹಾಸಿಗೆಯ ಪಕ್ಕದಲ್ಲಿ ಬೆಳೆದ ದೇವಶಾಸ್ತ್ರ

ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬನನ್ನು ದಾರಿಯಲ್ಲಿ ಕಂಡ ಶಿಷ್ಯರು, ಇದಕ್ಕೆ ಇವನ ಪಾಪ ಕಾರಣವೋ ಹೆತ್ತವರ ಪಾಪವೋ ಎಂದು ಯೇಸುವನ್ನು ಕೇಳಿದ ಪ್ರಸಂಗ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಯೇಸು ಎರಡನ್ನೂ ಒಪ್ಪಲಿಲ್ಲ. ನೆಲಕ್ಕೆ ಉಗುಳಿ, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚಿ, ಸಿಲೋವ ಕೊಳದಲ್ಲಿ ತೊಳೆದುಕೊಳ್ಳಲು ಕಳಿಸಿದರು.

ಶಿಷ್ಯರ ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ, ಬೆಳವಣಿಗೆ ಕುಂಠಿತವಾದ ಮಗುವಿನ ತೊಟ್ಟಿಲ ಬಳಿ, ಖಿನ್ನತೆಯಿಂದ ಎದ್ದು ಕೂರಲೂ ಆಗದವರ ಮನೆಯಲ್ಲಿ ಅದು ಇಂದಿಗೂ ಕೇಳಿಬರುತ್ತದೆ. ಕ್ರೈಸ್ತ ಚಿಂತನೆ ಎರಡು ಸಾವಿರ ವರ್ಷ ಈ ಪ್ರಶ್ನೆಯೊಂದಿಗೆ ಸೆಣಸಿದೆ. ಒಂದು ಧಾರೆ ನೋವಿಗೆ ಕಾರಣ ಹುಡುಕಿತು, ಇನ್ನೊಂದು ನೊಂದವರ ಮಗ್ಗುಲಲ್ಲಿ ಕುಳಿತಿತು. ಮೊದಲನೆಯದು ದಾರಿ ತಪ್ಪಿದಾಗಲೆಲ್ಲ ಅದನ್ನು ತಿದ್ದಿದ್ದು ಎರಡನೆಯದೇ ಎಂಬುದು ಈ ಚರಿತ್ರೆಯನ್ನು ಓದಿದಾಗ ನನಗೆ ಮನವರಿಕೆಯಾಗುವ ಸಂಗತಿ.

ಯೋಬನ ಬೂದಿರಾಶಿ

ಹಳೆಯ ಒಡಂಬಡಿಕೆಯಲ್ಲೇ ಈ ಜಗ್ಗಾಟ ಶುರುವಾಗುತ್ತದೆ. ವಿಧೇಯರಾದವರಿಗೆ ಸಮೃದ್ಧಿ, ಮೀರಿದವರಿಗೆ ವ್ಯಾಧಿ ಎಂಬ ಲೆಕ್ಕ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿದೆ. ಅದೇ ಸತ್ಯವೇದದ ಯೋಬನ ಗ್ರಂಥ ಆ ಲೆಕ್ಕವನ್ನು ಕಲಕಿಬಿಡುತ್ತದೆ. ಮೈತುಂಬ ಹುಣ್ಣಾದ ಯೋಬ ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ನೋಡಲು ಬಂದ ಮೂವರು ಗೆಳೆಯರು ಏಳು ಹಗಲು, ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಮೂವರ ವಾದವೂ ಒಂದೇ: ನೀನು ಏನೋ ತಪ್ಪು ಮಾಡಿರಬೇಕು. ಕೊನೆಯಲ್ಲಿ ದೇವರ ಕೋಪ ಹರಿಯುವುದು ದೇವರ ಪರ ವಾದಿಸಿದ ಈ ಗೆಳೆಯರ ಮೇಲೆ. ದೇವರೊಂದಿಗೇ ಜಗಳಕ್ಕೆ ನಿಂತ ಯೋಬನ ಮಾತೇ ಸರಿ ಎಂದು ತೀರ್ಪಾಗುತ್ತದೆ. ಆದರೂ ತನಗೇಕೆ ಹೀಗಾಯಿತು ಎಂಬುದಕ್ಕೆ ಯೋಬನಿಗೆ ಉತ್ತರ ಸಿಗುವುದೇ ಇಲ್ಲ.

ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. 88ನೆಯ ಕೀರ್ತನೆಯಂತೂ ಭರವಸೆಯ ಒಂದು ನುಡಿಯೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ದೂರುವುದೂ ಪ್ರಾರ್ಥನೆಯೇ ಎಂದು ಒಪ್ಪಿಕೊಂಡ ಪರಂಪರೆ ಇದು. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆದುಹಾಕು ಎಂದು ಮೂರು ಸಲ ಬೇಡಿದ ಪೌಲನಿಗೂ ಮುಳ್ಳು ಹೋಗಲಿಲ್ಲ. ವಿಶ್ವಾಸವಿದ್ದರೆ ಕಾಯಿಲೆ ಇರಕೂಡದು ಎನ್ನುವವರು ಮೊದಲು ಈ ಅಪೊಸ್ತಲನಿಗೆ ಉತ್ತರ ಹೇಳಬೇಕಾಗುತ್ತದೆ.

ಪಿಡುಗಿನ ನಡುವೆ ಸಭೆ

ಮೂರನೆಯ ಶತಮಾನದ ನಡುವೆ ರೋಮ್ ಸಾಮ್ರಾಜ್ಯವನ್ನು ಭೀಕರ ಪಿಡುಗು ಹೊಕ್ಕಿತು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅದರ ಲಕ್ಷಣಗಳನ್ನು ದಾಖಲಿಸಿದ್ದರಿಂದ ಇತಿಹಾಸಕಾರರು ಅದಕ್ಕೆ ಅವರದೇ ಹೆಸರಿಟ್ಟಿದ್ದಾರೆ. ಅನ್ಯರಂತೆ ನಾವೂ ಸಾಯುತ್ತಿದ್ದೇವಲ್ಲ ಎಂದು ಅವರ ಸಭೆಯವರು ಕಂಗಾಲಾಗಿದ್ದರು. ಶರೀರ ಹೊತ್ತವರಿಗೆಲ್ಲ ಶರೀರದ ಕಷ್ಟ ಸಮಾನ, ವಿಶ್ವಾಸ ಯಾರಿಗೂ ವಿನಾಯಿತಿ ಕೊಡುವುದಿಲ್ಲ ಎಂದು ಸಿಪ್ರಿಯನ್ ನೇರವಾಗಿ ಹೇಳಿದರು. ಅದೇ ಕಾಲದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯಸ್ ಬರೆದ ಪತ್ರವೊಂದನ್ನು ಚರಿತ್ರಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ರೋಗಿಗಳ ಶುಶ್ರೂಷೆ ಮಾಡುತ್ತಲೇ ಸೋಂಕು ತಗುಲಿ ಸತ್ತ ಕ್ರೈಸ್ತರ ನೆನಪು ಅದರಲ್ಲಿದೆ.

ನಾಲ್ಕನೆಯ ಶತಮಾನದಲ್ಲಿ ಈ ಶುಶ್ರೂಷೆಗೆ ಕಟ್ಟಡ ಬಂತು. ಇಂದಿನ ಟರ್ಕಿಯಲ್ಲಿರುವ ಸಿಸೇರಿಯದ ಹೊರವಲಯದಲ್ಲಿ ಬಿಷಪ್ ಬೆಸಿಲ್ ಸುಮಾರು 370ರ ಹೊತ್ತಿಗೆ ಬಡವರಿಗೆ, ಪರದೇಶಿಗಳಿಗೆ, ಕುಷ್ಠರೋಗಿಗಳಿಗೆ ಆಶ್ರಯ ಮತ್ತು ಚಿಕಿತ್ಸೆಯ ನೆಲೆ ಕಟ್ಟಿದರು. ಆಸ್ಪತ್ರೆ ಎಂಬ ಸಂಸ್ಥೆಯ ಚರಿತ್ರೆ ಬರೆಯುವವರು ತಪ್ಪದೆ ನಿಲ್ಲುವ ಜಾಗವದು. ವೈದ್ಯವೂ ದೇವರ ವರವೇ, ಅದನ್ನು ಬಳಸುವುದರಿಂದ ವಿಶ್ವಾಸಕ್ಕೆ ಕುಂದಿಲ್ಲ ಎಂದು ತಮ್ಮ ಮಠದವರಿಗೆ ಬೆಸಿಲ್ ಬರೆದರು. ಔಷಧಿಯೋ ಪ್ರಾರ್ಥನೆಯೋ ಎಂದು ಇಂದೂ ಕೆಲವೆಡೆ ನಡೆಯುವ ವಾದಕ್ಕೆ ಹದಿನಾರು ಶತಮಾನದ ಹಿಂದೆಯೇ ಉತ್ತರ ಸಿಕ್ಕಿತ್ತು.

ಸಮರ್ಥನೆಯ ಶತಮಾನಗಳು

ಇತ್ತ ವಿದ್ವಾಂಸರು ಕಾರಣದ ಬೆನ್ನು ಹತ್ತಿದ್ದರು. ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ, ಒಳಿತಿನ ಕೊರತೆಯೇ ಕೆಡುಕು, ಅದು ಲೋಕಕ್ಕೆ ಬಂದದ್ದು ಸ್ವಾತಂತ್ರ್ಯದ ದುರ್ಬಳಕೆಯಿಂದ ಎಂದರು ಅಗಸ್ಟೀನ್. ಅವರಿಗಿಂತ ಎರಡು ಶತಮಾನ ಹಿಂದಿನ ಐರೇನಿಯಸ್, ಮನುಷ್ಯ ಇನ್ನೂ ಮಾಗಬೇಕಾದ ಜೀವ ಎಂದು ಕಂಡಿದ್ದರು. ಈ ಎರಡು ದಾರಿಗಳನ್ನು 1966ರಲ್ಲಿ ಜಾನ್ ಹಿಕ್ ಎದುರುಬದುರು ನಿಲ್ಲಿಸಿ, ಆತ್ಮಗಳನ್ನು ರೂಪಿಸುವ ಗರಡಿಯಾಗಿ ಲೋಕವನ್ನು ನೋಡುವ ವಾದ ಕಟ್ಟಿದರು. ಎರಡೂ ಗಂಭೀರ ಚಿಂತನೆಗಳೇ. ಆದರೆ ಕಾಯಿಲೆಯಿಂದ ಮಾಗುವವರಷ್ಟೇ ಮುರಿದುಹೋಗುವವರೂ ಇದ್ದಾರೆ.

ಪಾಪ ಮತ್ತು ರೋಗದ ಹಳೆಯ ನಂಟು ಮಧ್ಯಯುಗದಲ್ಲಿ ಕಾನೂನಿಗೂ ಇಳಿಯಿತು. ದೇಹದ ವ್ಯಾಧಿ ಕೆಲವೊಮ್ಮೆ ಪಾಪದಿಂದ ಬರುವುದರಿಂದ ವೈದ್ಯರು ಮೊದಲು ಗುರುಗಳನ್ನು ಕರೆಸುವಂತೆ ರೋಗಿಗೆ ಹೇಳಬೇಕೆಂದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವಿಧಿಸಿತು. ರೋಗಿ ಗುಣವಾಗಲೆಂದು ಎಣ್ಣೆ ಹಚ್ಚಿ ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆ ಹೇಳಿದ್ದ ಸಂಸ್ಕಾರ ಮೆಲ್ಲಗೆ ಸಾಯುವವರಿಗಷ್ಟೇ ಮೀಸಲಾದ ಅಂತಿಮ ಅಭ್ಯಂಗವಾಯಿತು. ಗುರುಗಳು ಎಣ್ಣೆಯ ಕುಪ್ಪಿ ಹಿಡಿದು ಬಂದರೆಂದರೆ ಆಸೆ ಬಿಟ್ಟಂತೆ ಎಂಬ ಭಯ ಮನೆಮಂದಿಯಲ್ಲಿ ಬೇರೂರಿತು. ಅದನ್ನು ಮತ್ತೆ ರೋಗಿಗಳ ಸಂಸ್ಕಾರವಾಗಿ ತಿದ್ದಲು ಎರಡನೆಯ ವ್ಯಾಟಿಕನ್ ಮಹಾಸಭೆಯೇ ಬೇಕಾಯಿತು. ಹೊಸ ವಿಧಿ 1972ರಲ್ಲಿ ಬಂತು.

ಪಾಪವನ್ನೂ ರೋಗವನ್ನೂ ಹೀಗೆ ಬೆಸೆದ ಕಾಲದಲ್ಲೂ ಬೇರೆ ದನಿಗಳಿದ್ದವು. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಎಂಬ ಮಹಿಳೆ 1373ರಲ್ಲಿ ಸಾವಿನ ಅಂಚಿನ ಕಾಯಿಲೆಯಲ್ಲಿ ಶಿಲುಬೆಯ ದರ್ಶನ ಕಂಡು, ದೇವರಲ್ಲಿ ಕೋಪವೇ ಕಾಣಲಿಲ್ಲ ಎಂದು ಬರೆದರು. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ವಿಶ್ವವಿದ್ಯಾಲಯ ಊರು ಬಿಟ್ಟಿತು. ಮಾರ್ಟಿನ್ ಲೂಥರ್ ಉಳಿದರು. ಬಸುರಿ ಹೆಂಡತಿ ಇದ್ದ ಮನೆಯಲ್ಲೇ ರೋಗಿಗಳನ್ನು ಇಟ್ಟುಕೊಂಡರು. ಪ್ಲೇಗಿಗೆ ಅಂಜಿ ಓಡಬಹುದೇ ಎಂಬ ಪ್ರಶ್ನೆಗೆ ಅವರು ಬರೆದ ಕಿರುಹೊತ್ತಿಗೆ ಕೊರೊನಾ ಕಾಲದಲ್ಲಿ ಮತ್ತೆ ಓದಿಸಿಕೊಂಡಿತು. ನೆರೆಯವನನ್ನು ನೋಡಿಕೊಳ್ಳುವ ಹೊಣೆ ಇರುವವರು ಬಿಟ್ಟುಹೋಗಕೂಡದು, ಉಳಿದವರು ಹೋಗಬಹುದು. ಔಷಧಿ ತೆಗೆದುಕೊಳ್ಳಿ, ಮನೆಗೆ ಹೊಗೆ ಹಾಕಿ, ಕೆಲಸವಿಲ್ಲದೆಡೆ ಹೋಗಿ ಸೋಂಕು ಹಬ್ಬಿಸಬೇಡಿ ಎಂಬುದು ಅದರ ಸಾರ.

ಜರ್ಮನಿಯ ಲೈಬ್ನಿಟ್ಸ್ 1710ರಲ್ಲಿ ದೇವರ ನ್ಯಾಯವನ್ನು ತರ್ಕದಿಂದ ಸಮರ್ಥಿಸಿ, ಸಾಧ್ಯವಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ವಾದಿಸಿದರು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ ಲಿಸ್ಬನ್ನಿನ ಚರ್ಚುಗಳು ತುಂಬಿದ್ದ ಹೊತ್ತಿಗೆ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿತು, ಬೆಂಕಿ ಹಬ್ಬಿತು. ಪೂಜೆಯಲ್ಲಿದ್ದವರೇ ಕಲ್ಲುಗಳಡಿ ಸಿಕ್ಕಿ ಸತ್ತರು. ಅತ್ಯುತ್ತಮ ಲೋಕದ ಸಿದ್ಧಾಂತದ ಮೇಲಿನ ನಂಬಿಕೆಗೆ ಬಿದ್ದ ಆ ಪೆಟ್ಟನ್ನು ವೋಲ್ಟೇರ್ 1759ರ ‘ಕಾಂದಿದ್’ ಕಥನದಲ್ಲಿ ಮರೆಯಲಾಗದಂತೆ ದಾಖಲಿಸಿದರು.

ಕುಷ್ಠ ಕಲಿಸಿದ್ದು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಿಂತನೆಯ ಕೇಂದ್ರ ಮತ್ತೆ ಗ್ರಂಥಾಲಯದಿಂದ ವಾರ್ಡಿಗೆ ಸರಿಯಿತು. ಬೆಲ್ಜಿಯಂನ ಫಾದರ್ ಡೇಮಿಯನ್ 1873ರಲ್ಲಿ ಹವಾಯಿಯ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ವಸತಿಗೆ ಹೋಗಿ, ಅದೇ ರೋಗ ತಗುಲಿ 1889ರಲ್ಲಿ ತೀರಿಕೊಂಡರು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಹಂಚಲು ತೊಡಗಿ, 1890ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ತೆರೆದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುವಾದದ್ದು 1886ರಲ್ಲಿ. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1900ರಲ್ಲಿ ತೆರೆದ ಪುಟ್ಟ ದವಾಖಾನೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು.

ಆ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆಗೆಯಲು ಅವರು ಹೆಣಗುತ್ತಿದ್ದಾಗ, ಕುಷ್ಠವಿದ್ದ ಹುಡುಗನೊಬ್ಬ ಬಂದು ಸಲೀಸಾಗಿ ಕೀಲಿ ತಿರುಗಿಸಿದ. ನೆಲದ ಮೇಲೆ ರಕ್ತದ ಹನಿ ಬಿದ್ದಿತು. ನೋಡಿದರೆ ಹುಡುಗನ ಬೆರಳು ಮೂಳೆ ಕಾಣುವಷ್ಟು ಸೀಳಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ಬೆರಳುಗಳು ಕೊಳೆತು ಬೀಳುವುದಿಲ್ಲ, ನೋವು ತಿಳಿಯದ್ದರಿಂದ ಬಳಕೆಯಲ್ಲೇ ಸವೆದು ಹಾಳಾಗುತ್ತವೆ ಎಂದು ಬ್ರ್ಯಾಂಡ್ ಕಂಡುಕೊಂಡರು. ಸ್ನಾಯುರಜ್ಜುಗಳನ್ನು ಸ್ಥಳಾಂತರಿಸಿ ಮಡಚಿಹೋದ ಕೈಗಳಿಗೆ ಮತ್ತೆ ಕೆಲಸ ಕೊಟ್ಟರು. ನೋವು ದೇಹದ ಕಾವಲುಗಾರ, ದೇವರ ಕೊಡುಗೆ ಎಂಬ ಅವರ ಮಾತಿನ ಹಿಂದೆ ಇಂಥ ಸಾವಿರಾರು ಕೈಗಳ ಅನುಭವವಿತ್ತು. ಕುಷ್ಠ ದೈವಶಾಪವೆಂದು ಶತಮಾನಗಳ ಕಾಲ ಹೇಳಿದ್ದನ್ನು ಒಂದು ಗಾಯವನ್ನು ಶ್ರದ್ಧೆಯಿಂದ ನೋಡಿದ ಕಣ್ಣು ಅಳಿಸಿಹಾಕಿತು.

ನೋಯುವ ದೇವರು

ಕಾವಲಿನ ಕೆಲಸ ಮುಗಿದ ಮೇಲೂ ಉಳಿಯುವ ನೋವಿಗೆ ಏನು ಅರ್ಥ? ನಾಜಿಗಳ ಸಾವಿನ ಶಿಬಿರಗಳಿಗೆ ಏನು ಅರ್ಥ? ಇಪ್ಪತ್ತನೆಯ ಶತಮಾನದ ದೇವಶಾಸ್ತ್ರ ಇಲ್ಲಿ ದೊಡ್ಡ ತಿರುವು ಪಡೆಯಿತು. ದೇವರಿಗೆ ನೋವು ತಟ್ಟುವುದಿಲ್ಲ ಎಂಬುದು ಗ್ರೀಕ್ ತತ್ವಶಾಸ್ತ್ರದ ಪ್ರಭಾವದಲ್ಲಿ ಬೆಳೆದ ಹಳೆಯ ನಿಲುವು. ಜಪಾನಿನ ಕಜೋ ಕಿತಾಮೊರಿ 1946ರಲ್ಲಿ ‘ದೇವರ ನೋವಿನ ದೇವಶಾಸ್ತ್ರ’ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಮೊದಲು ನಾಜಿ ಸೆರೆಯಲ್ಲಿದ್ದ ಡೀಟ್ರಿಚ್ ಬಾನ್‌ಹಾಫರ್, ನೋಯಬಲ್ಲ ದೇವರು ಮಾತ್ರ ನೆರವಾಗಬಲ್ಲ ಎಂಬ ಅರ್ಥದ ಮಾತನ್ನು ಪತ್ರದಲ್ಲಿ ಬರೆದಿದ್ದರು.

ದೇವಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ ಹದಿಹರೆಯದಲ್ಲಿ ಹ್ಯಾಂಬರ್ಗಿನ ವಿಮಾನ ನಿರೋಧಕ ದಳದಲ್ಲಿದ್ದರು. 1943ರ ಬಾಂಬ್ ದಾಳಿಯಲ್ಲಿ ಪಕ್ಕದಲ್ಲೇ ನಿಂತಿದ್ದ ಗೆಳೆಯ ಛಿದ್ರವಾದ. ದೇವರೆಲ್ಲಿ ಎಂಬ ಕೂಗು ಆ ರಾತ್ರಿ ಅವರೊಳಗೆ ಹುಟ್ಟಿತು. ಯುದ್ಧಕೈದಿಯಾಗಿ ಪ್ರಲಾಪದ ಕೀರ್ತನೆಗಳನ್ನೂ ಮಾರ್ಕನ ಸುವಾರ್ತೆಯನ್ನೂ ಓದುವಾಗ, ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಾಗಿ ಕೂಗಿದ ಯೇಸು ತನ್ನನ್ನು ಬಲ್ಲರು ಎನಿಸಿತು. 1972ರ ‘ಶಿಲುಬೆಗೇರಿದ ದೇವರು’ ಆ ಅನುಭವದಿಂದ ಬಂದ ಪುಸ್ತಕ. ದೇವರೂ ನನ್ನಂತೆಯೇ ಸಿಕ್ಕಿಬಿದ್ದಿದ್ದರೆ ನನಗೇನು ಬಿಡುಗಡೆ ಎಂದು ದೇವಶಾಸ್ತ್ರಜ್ಞ ಕಾರ್ಲ್ ರಾನರ್ ಎತ್ತಿದ ಆಕ್ಷೇಪಕ್ಕೂ ತೂಕವಿದೆ. ಶಿಲುಬೆಯ ಜೊತೆಗೆ ಪುನರುತ್ಥಾನ ಇಲ್ಲದಿದ್ದರೆ ಈ ದೇವಶಾಸ್ತ್ರ ಬರೀ ಮರುಕವಾಗಿ ಉಳಿಯುತ್ತದೆ.

ಎಲ್ಲ ಯಾತನೆಯೂ ಒಂದೇ ಬಗೆಯದ್ದಲ್ಲ ಎಂದು ಎಚ್ಚರಿಸಿದವರು ದೇವಶಾಸ್ತ್ರಜ್ಞರಾದ ಡೊರೊತೆ ಝೊಲ್ಲೆ ಮತ್ತು ಪೆರುವಿನ ಗುಸ್ತಾವೊ ಗುಟಿಯೆರೆಸ್. ಹಸಿವಿನಿಂದ, ಅನ್ಯಾಯದಿಂದ ಬರುವ ಯಾತನೆಯನ್ನು ಸಹಿಸುವುದು ಸದ್ಗುಣವಲ್ಲ, ಅದನ್ನು ಎದುರಿಸಬೇಕು ಎಂದರು. ಭಾರತದಲ್ಲಿ ಈ ಮಾತಿಗೆ ಜಾತಿಯ ಅನುಭವ ಸೇರಿತು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರ ಮೊಳೆಯಿತು. ದಲಿತರ ನೋವಿನಿಂದಲೇ ದೇವರ ಅರಿವು ಆರಂಭವಾಗುತ್ತದೆ ಎಂದ ಅವರು, ಯಾತನೆಯ ಚರ್ಚೆಯಲ್ಲಿ ಅದುವರೆಗೆ ಯಾರ ದನಿ ಕೇಳಿಸಿರಲಿಲ್ಲ ಎಂಬುದನ್ನು ಎತ್ತಿ ತೋರಿಸಿದರು.

ರೋಗಿಯೇ ಗುರು

ಇದೇ ಶತಮಾನದಲ್ಲಿ ರೋಗಿಗಳೇ ದೇವಶಾಸ್ತ್ರ ಬರೆಯತೊಡಗಿದರು. ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಬಂದಿದ್ದ ಅಮೆರಿಕದ ಪಾದ್ರಿ ಆಂಟನ್ ಬೋಯ್ಸನ್ 1925ರಲ್ಲಿ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆದೊಯ್ದು, ಪುಸ್ತಕವನ್ನು ಓದುವಂತೆ ರೋಗಿಯ ಬದುಕನ್ನು ಓದಲು ಕಲಿಸಿದರು. ಸಿ. ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಗೆ ಅಚ್ಚುಕಟ್ಟಾದ ಸಮರ್ಥನೆ ಬರೆದಿದ್ದರು. ಹೆಂಡತಿ ಜಾಯ್ 1960ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಮರುವರ್ಷ ಬೇರೆ ಹೆಸರಿನಲ್ಲಿ ಪ್ರಕಟಿಸಿದ ದುಃಖದ ದಿನಚರಿಯಲ್ಲಿ ಆ ಅಚ್ಚುಕಟ್ಟು ಉಳಿದಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ ಈ ಕ್ಷೇತ್ರ ನಡೆದುಬಂದ ದಾರಿ ಒಬ್ಬ ಮನುಷ್ಯನಲ್ಲೇ ಕಾಣುತ್ತದೆ.

ನರ್ಸಾಗಿ ಆರಂಭಿಸಿ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳ ಆರೈಕೆಯ ಮನೆಯಾದ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್ ತೆರೆದರು. ನೋವು ಕಿರುಚಿಸುವವರೆಗೆ ಕಾಯದೆ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವುದು ಅವರ ಪದ್ಧತಿ. ದೇಹದ, ಮನಸ್ಸಿನ, ಸಂಸಾರದ, ಆತ್ಮದ ನೋವುಗಳು ಹೆಣೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ ಎಂಬುದು ಅವರ ತಿಳಿವು. ಭಾರತದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಮುಂಬೈಯಲ್ಲಿ 1986ರಲ್ಲಿ ಶುರುವಾಯಿತು. ಅಂಗವೈಕಲ್ಯದೊಂದಿಗೆ ಬೆಳೆದ ನ್ಯಾನ್ಸಿ ಐಸ್‌ಲ್ಯಾಂಡ್ 1994ರಲ್ಲಿ, ಪುನರುತ್ಥಾನವಾದ ಕ್ರಿಸ್ತನ ಕೈಕಾಲುಗಳಲ್ಲಿ ಗಾಯ ಹಾಗೇ ಉಳಿದಿತ್ತಲ್ಲವೇ ಎಂದು ಕೇಳಿದರು. ಊನವಿರುವ ದೇಹ ಪಾಪದ ಗುರುತೂ ಅಲ್ಲ, ಪವಾಡಕ್ಕೆ ಕಾದಿರುವ ಅರೆಬದುಕೂ ಅಲ್ಲ ಎಂಬ ಅವರ ವಾದ ಅನೇಕ ಸಭೆಗಳ ಕಣ್ಣು ತೆರೆಸಿತು.

ಇಂದಿನ ಹೊಣೆ

ಹಳೆಯ ಲೆಕ್ಕ ಈಗ ಹೊಸ ವೇದಿಕೆ ಏರಿದೆ. ನಂಬಿದರೆ ಆರೋಗ್ಯ, ಐಶ್ವರ್ಯ ಖಚಿತ ಎನ್ನುವ ಸಮೃದ್ಧಿಯ ಬೋಧನೆ ಅಮೆರಿಕದಿಂದ ಆಫ್ರಿಕಾ, ಏಷ್ಯಾದವರೆಗೆ ಹಬ್ಬಿದೆ. ಅದರ ಚರಿತ್ರೆಯನ್ನು 2013ರಲ್ಲಿ ಬರೆದ ಕೇಟ್ ಬೌಲರ್‌ಗೆ 35ರ ವಯಸ್ಸಿನಲ್ಲಿ ನಾಲ್ಕನೆಯ ಹಂತದ ಕ್ಯಾನ್ಸರ್ ಕಂಡಿತು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಸಮಾಧಾನ ಹೇಳಲು ಬಂದವರ ಮಾತು ಎಷ್ಟು ಚುಚ್ಚುತ್ತದೆಂದು ಅವರು ಆಮೇಲೆ ಬರೆದರು. ಗುಣವಾಗದಿದ್ದಾಗ ಆ ಬೋಧನೆ ರೋಗಿಯ ಮೇಲೆ ವಿಶ್ವಾಸ ಸಾಲದೆಂಬ ಇನ್ನೊಂದು ಹೊರೆ ಹೇರುತ್ತದೆ. ಇನ್ಸುಲಿನ್, ಮನೋರೋಗದ ಮಾತ್ರೆ ನಿಲ್ಲಿಸುವಂತೆ ಯಾರಾದರೂ ಬೋಧಿಸಿದರೆ ಅದು ಜೀವಕ್ಕೇ ಎರವಾಗುತ್ತದೆ. ಗುಣವಾಗಲೆಂದು ಪ್ರಾರ್ಥಿಸುವುದು ಬೇರೆ, ಗುಣವಾಗದವನನ್ನು ತಪ್ಪಿತಸ್ಥನಾಗಿ ಮಾಡುವುದು ಬೇರೆ.

ಏಕೆ ಎಂಬ ಪ್ರಶ್ನೆಗೆ ಈ ಎರಡು ಸಾವಿರ ವರ್ಷಗಳಲ್ಲಿ ಪೂರ್ಣ ಉತ್ತರ ಸಿಕ್ಕಿಲ್ಲ. ಸಿಕ್ಕಿದೆ ಎನ್ನುವವರನ್ನು ಯೋಬನ ಗ್ರಂಥವೇ ಅನುಮಾನದಿಂದ ನೋಡುತ್ತದೆ. ಆದರೆ ಏನು ಮಾಡಬೇಕು ಎಂಬುದರಲ್ಲಿ ಈ ಪರಂಪರೆಗೆ ಗೊಂದಲವಿಲ್ಲ: ಹೋಗಬೇಕು, ಕೂರಬೇಕು, ಮದ್ದು ಕೊಡಬೇಕು, ಅಳುವವರಿಗೆ ಅಳಲು ಬಿಡಬೇಕು, ಅನ್ಯಾಯದಿಂದ ಬಂದ ನೋವಾದರೆ ಅದರ ವಿರುದ್ಧ ನಿಲ್ಲಬೇಕು. ಕನ್ನಡ ನಾಡಿನ ಸಭೆಗಳಲ್ಲಿ ಪಾಸ್ಟರುಗಳನ್ನೂ ಗುರುಗಳನ್ನೂ ತಯಾರು ಮಾಡುವವರು ವಾರ್ಡಿನ ಅನುಭವವನ್ನು ಪಾಠಪಟ್ಟಿಯ ನಡುವಿಗೆ ತರಲಿ. ಭಾನುವಾರದ ಆರಾಧನೆಯಲ್ಲಿ ಸ್ತುತಿಗೀತೆಗಳ ಜೊತೆ ಪ್ರಲಾಪದ ಕೀರ್ತನೆಗೂ ಜಾಗ ಸಿಗಲಿ. ನೋವಿನಲ್ಲಿರುವವರ ಎದುರು ಹೇಳಲಾಗದ ಮಾತನ್ನು ಪ್ರಸಂಗಪೀಠದಿಂದಲೂ ಹೇಳುವುದಿಲ್ಲ ಎಂಬ ನಿಯಮವೊಂದನ್ನು ಪಾಲಿಸಿದರೂ, ನಮ್ಮ ಬೋಧನೆಯಿಂದ ರೋಗಿಗಳಿಗೆ ಆಗುವ ಗಾಯಗಳಲ್ಲಿ ಬಹುಪಾಲು ನಿಲ್ಲುತ್ತವೆ.