ಕೊರಿಯನ್ ವ್ಯಾಕರಣದಲ್ಲಿ ಪ್ರಮಾಣಸೂಚನೆ

ಒಂದು ಗುಣ ಎಷ್ಟಿದೆ, ಒಂದು ಕ್ರಿಯೆ ಎಲ್ಲಿಯವರೆಗೆ ಹೋಯಿತು ಎಂಬುದನ್ನು ತಿಳಿಸಲು ಕೊರಿಯನ್ ಭಾಷೆ ಬಳಸುವ ಪದ, ಪ್ರತ್ಯಯ ಮತ್ತು ವಾಕ್ಯರಚನೆಗಳನ್ನು ಒಟ್ಟಾಗಿ ಪ್ರಮಾಣಸೂಚಕಗಳು ಎನ್ನಬಹುದು. 'ತುಂಬಾ', 'ಸ್ವಲ್ಪ' ಎಂಬಂಥ ಕ್ರಿಯಾವಿಶೇಷಣಗಳು ಈ ಭಾಷೆಯಲ್ಲಿ ಬೇಕಾದಷ್ಟಿವೆ. ಆದರೂ ಪ್ರಮಾಣ ಹೇಳುವುದರಲ್ಲಿ ಕೊರಿಯನ್ನಿನ ಕಸುವು ಇರುವುದು ಕೃದಂತಕ್ಕೆ ನಾಮಪದವನ್ನು ಜೋಡಿಸಿ ಕಟ್ಟುವ ಉಪವಾಕ್ಯಗಳಲ್ಲಿ. ಕೊರಿಯನ್ನಿನ ಕೆಲವು ಸ್ವರಗಳು ಕನ್ನಡದಲ್ಲಿಲ್ಲ. ಇಲ್ಲಿನ ಉದಾಹರಣೆಗಳನ್ನು ಹತ್ತಿರದ ಉಚ್ಚಾರಣೆಯಲ್ಲಿ ಬರೆದಿದೆ.

ಮಾತಿನಲ್ಲಿ 'ಬಹಳ' ಎನ್ನಲು 'ಅಜು', ಬರವಣಿಗೆಯಲ್ಲಿ 'ಮೆಉ' ಹೆಚ್ಚು ಬಳಕೆಯಲ್ಲಿವೆ. 'ನೊಮು' ಎಂಬ ಪದಕ್ಕೆ ಒಂದು ಇತಿಹಾಸವೇ ಇದೆ. ಅದರ ಮೂಲ ಅರ್ಥ 'ಅತಿಯಾಗಿ, ಮಿತಿಮೀರಿ'. ಹಾಗಾಗಿ 'ನೊಮು ಚೆನ್ನಾಗಿದೆ' ಎನ್ನುವುದು ತಪ್ಪೆಂದು ಶಾಲೆಗಳಲ್ಲಿ ಕಲಿಸುತ್ತಿದ್ದರು. ಟೀವಿಯಲ್ಲಿ ಯಾರಾದರೂ ಹಾಗೆಂದರೆ ಪರದೆಯ ಕೆಳಗಿನ ಬರಹದಲ್ಲಿ ಅದನ್ನು 'ಜೊಂಗ್ಮಲ್' (ನಿಜವಾಗಿ) ಎಂದು ತಿದ್ದುವ ರೂಢಿಯೂ ಇತ್ತು. ಜನ ಬಳಸುವುದನ್ನು ಬಿಡಲಿಲ್ಲ. 2015ರಲ್ಲಿ ದಕ್ಷಿಣ ಕೊರಿಯಾದ ರಾಷ್ಟ್ರೀಯ ಕೊರಿಯನ್ ಭಾಷಾ ಸಂಸ್ಥೆ ತನ್ನ ಪ್ರಮಾಣಿತ ನಿಘಂಟಿನ ವಿವರಣೆಯನ್ನು ಬದಲಿಸಿ, ಒಳ್ಳೆಯ ಅರ್ಥದಲ್ಲಿಯೂ 'ನೊಮು' ಬಳಸಬಹುದೆಂದು ಒಪ್ಪಿತು. ನಿಘಂಟು ಆಡುಮಾತಿಗೆ ಮಣಿದದ್ದು ಸರಿಯಾಗಿಯೇ ಇದೆ.

ಕೆಲವು ಪದಗಳಿಗೆ ನಿಷೇಧ ಕಡ್ಡಾಯ. 'ಬ್ಯೊಲ್ಲೊ' ಬಂದರೆ ವಾಕ್ಯ 'ಇಲ್ಲ', 'ಅಲ್ಲ'ದಲ್ಲೇ ಮುಗಿಯಬೇಕು. ಕನ್ನಡದ 'ಅಷ್ಟೇನೂ' ಹೀಗೆಯೇ ನಡೆಯುತ್ತದೆ. ಹೋಲಿಕೆಗೆ 'ಗಿಂತ'ದ ಸ್ಥಾನದಲ್ಲಿ 'ಬೊದ' ಇದೆ. 'ಹೆಚ್ಚು' ಎನ್ನಲು 'ದೊ', 'ಕಡಿಮೆ' ಎನ್ನಲು 'ದೊಲ್' ಎಂಬ ಪದಗಳು ಗುಣವಾಚಕದ ಮುಂದೆ ಬಂದು ನಿಲ್ಲುತ್ತವೆ.

ಪ್ರಮಾಣಸೂಚನೆಯ ಎರಡು ಮುಖ್ಯ ಕಂಬಗಳು 'ಜೊಂಗ್ದೊ' ಮತ್ತು 'ಮನ್‌ಖುಮ್'. 'ಜೊಂಗ್ದೊ' ಚೀನೀ ಮೂಲದ ನಾಮಪದ, ಅರ್ಥ 'ಮಟ್ಟ'. ಸಂಖ್ಯೆಯ ಹಿಂದೆ ಬಂದಾಗ 'ಸುಮಾರು' ಎಂಬ ಅರ್ಥ ಕೊಡುತ್ತದೆ: 'ಹನ್ ಶಿಗನ್ ಜೊಂಗ್ದೊ' ಎಂದರೆ ಒಂದು ಗಂಟೆಯಷ್ಟು ಹೊತ್ತು. ಭವಿಷ್ಯತ್ ಕೃದಂತದೊಂದಿಗೆ 'ಜೊಂಗ್ದೊರೊ' ಎಂದಾದಾಗ 'ಅಷ್ಟರ ಮಟ್ಟಿಗೆ' ಎಂಬ ಅರ್ಥ ಬರುತ್ತದೆ: 'ನುನ್ಮುರಿ ನಲ್ ಜೊಂಗ್ದೊರೊ', ಅಂದರೆ ಕಣ್ಣಲ್ಲಿ ನೀರು ಬರುವಷ್ಟರ ಮಟ್ಟಿಗೆ. ಇಲ್ಲಿ ಕೃದಂತದ 'ಲ್' ಪ್ರತ್ಯಯ ಗಮನಿಸಬೇಕಾದ್ದು. ಅಳು ನಿಜಕ್ಕೂ ಬಂತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಬರಬಹುದಾದ ಮಟ್ಟವನ್ನಷ್ಟೇ ತೋರಿಸುತ್ತದೆ. 'ಜೊಂಗ್ದೊ'ದಿಂದ ವಾಕ್ಯವನ್ನು ಸಲೀಸಾಗಿ ಮುಗಿಸಬಹುದು, 'ಅಳು ಬರುವಷ್ಟಾಗಿದೆ' ಎಂಬಂತೆ. 'ಮನ್‌ಖುಮ್' ಹಾಗೆ ಮುಗಿಸಿದರೆ ಕಿವಿಗೆ ಹಿತವಾಗುವುದಿಲ್ಲ.

'ಮನ್‌ಖುಮ್' ಕನ್ನಡದ 'ಅಷ್ಟು'ವಿನ ಕೆಲಸ ಮಾಡುತ್ತದೆ. ಕೊರಿಯಾದಲ್ಲಿ ನಾವೇ ಬಡಿಸಿಕೊಳ್ಳುವ ಹೋಟೆಲುಗಳಲ್ಲಿ ಪಲ್ಯ, ಕಿಮ್ಚಿಗಳ ಪಾತ್ರೆಯ ಪಕ್ಕ ಒಂದು ಸೂಚನೆ ಸಾಮಾನ್ಯ: 'ಮೊಗುಲ್ ಮನ್‌ಖುಮ್‌ಮನ್ ಗಜೊಗಸೆಯೊ'. 'ಮೊಗ್' ತಿನ್ನು, 'ಉಲ್' ಕೃದಂತ ಪ್ರತ್ಯಯ, 'ಮನ್‌ಖುಮ್' ಅಷ್ಟು, 'ಮನ್' ಅವಧಾರಣೆಯ ಏ. 'ತಿನ್ನುವಷ್ಟೇ ತೆಗೆದುಕೊಂಡು ಹೋಗಿ' ಎಂಬ ಕನ್ನಡ ವಾಕ್ಯ ತುಂಡು ತುಂಡಾಗಿ ಇದಕ್ಕೆ ಹೊಂದುತ್ತದೆ. ಭೂತ ಕೃದಂತ ಬಂದರೆ ಅರ್ಥ ಬೇರೆ: 'ಇಲ್ಹನ್ ಮನ್‌ಖುಮ್ ಬೊನ್ದ' ಎಂದರೆ ದುಡಿದಷ್ಟು ಗಳಿಕೆ. ಇಲ್ಲಿ 'ಜೊಂಗ್ದೊ' ಹಾಕಿದರೆ ಈ ಸಮಪ್ರಮಾಣದ ಅರ್ಥ ಉಳಿಯುವುದಿಲ್ಲ. ಕೊರಿಯನ್ ಕಲಿಯುವವರು ಎಡವುವ ಜಾಗ ಇದು.

'ಮನ್‌ಖುಮ್' ನಾಮಪದಕ್ಕೂ ನೇರವಾಗಿ ಸೇರುತ್ತದೆ. ಎಷ್ಟು ಪ್ರೀತಿ ಎಂದು ಕೇಳಿದರೆ ಕೊರಿಯಾದ ಮಕ್ಕಳು 'ಹನುಲ್‌ಮನ್‌ಖುಮ್ ತ್ತಂಗ್‌ಮನ್‌ಖುಮ್' ಎನ್ನುತ್ತಾರೆ: ಆಕಾಶದಷ್ಟು, ಭೂಮಿಯಷ್ಟು. 1988ರಲ್ಲಿ ಪ್ರಕಟವಾದ ಹಂಗುಲ್ (ಕೊರಿಯನ್ ಲಿಪಿ) ಬರವಣಿಗೆಯ ನಿಯಮಗಳ ಪ್ರಕಾರ ನಾಮಪದದ ಜೊತೆ ಇದು ವಿಭಕ್ತಿಯಂತೆ ಅಂಟಿಕೊಳ್ಳಬೇಕು, ಕೃದಂತದ ನಂತರ ಬಿಡಿಯಾಗಿ ನಿಲ್ಲಬೇಕು. ಈ ಜಾಗ ಬಿಡುವ ವಿಷಯದಲ್ಲಿ ಕೊರಿಯನ್ನರೇ ಆಗಾಗ ತಪ್ಪುತ್ತಾರೆ.

'ದೊರೊಕ್' ಪ್ರತ್ಯಯ ಕ್ರಿಯೆ ಮುಟ್ಟಿದ ಎಲ್ಲೆಯನ್ನು ತೋರಿಸುತ್ತದೆ. 'ಬಮ್ಸೆದೊರೊಕ್' ಎಂದರೆ ರಾತ್ರಿ ಕಳೆದು ಬೆಳಗಾಗುವವರೆಗೆ. 'ಇಬಿ ದಲ್ಥೊರೊಕ್' ಎಂದರೆ ಬಾಯಿ ಸವೆಯುವಷ್ಟು, ಅಂದರೆ ಹೇಳಿದ್ದನ್ನೇ ಎಷ್ಟೋ ಸಲ ಹೇಳಿ. ದೇಹದ ಅಂಗಗಳನ್ನಿಟ್ಟು ಪ್ರಮಾಣ ಹೇಳುವುದರಲ್ಲಿ ಕೊರಿಯನ್ ಬಹಳ ಶ್ರೀಮಂತ. ಕಾಯುವುದು 'ಕುತ್ತಿಗೆ ಕಳಚುವ ಹಾಗೆ', ನಗುವುದು 'ಹೊಕ್ಕುಳು ಕಳಚುವ ಹಾಗೆ'. 'ಬೆಗೊಫ ಜುಕ್ಕೆತ್ತ' ಎಂಬ ದಿನಬಳಕೆಯ ಮಾತಂತೂ 'ಹಸಿದು ಸಾಯೋ ಹಾಗಾಗಿದೆ' ಎಂಬುದೇ.

'ನೋಡಿದಷ್ಟೂ ಚೆಂದ' ಎಂಬಂಥ ಏರಿಕೆಗೆ 'ಲ್ಸುರೊಕ್' ಪ್ರತ್ಯಯವಿದೆ: 'ಬೊಮ್ಯೊನ್ ಬೊಲ್ಸುರೊಕ್'. ಕನ್ನಡದಲ್ಲಿ 'ಬರಬರುತ್ತಾ' ಎನ್ನುವ ಕಡೆ ಕೊರಿಯನ್ನರು ಹೋಗುವ ಕ್ರಿಯೆ ಹಿಡಿದು 'ಗಲ್ಸುರೊಕ್' ಎನ್ನುತ್ತಾರೆ.

ಸಂಖ್ಯೆಯ ನಂತರದ ಎರಡು ಪ್ರತ್ಯಯಗಳು ಮಾತನಾಡುವವರ ನಿರೀಕ್ಷೆಯನ್ನು ಬಯಲು ಮಾಡುತ್ತವೆ. ಕುಡಿದದ್ದು ಮೂರು ಕಪ್ ಕಾಫಿಯೇ ಆದರೂ 'ಸೆ ಜನಿನ' ಎಂದರೆ ಅದು ಜಾಸ್ತಿಯಾಯಿತು ಎಂಬ ಭಾವ. 'ಸೆ ಜನ್‌ಬಕ್ಕೆ' ಎಂದು ನಿಷೇಧದೊಂದಿಗೆ ಹೇಳಿದರೆ ಬರೀ ಮೂರೇ ಎಂಬ ಭಾವ.

ಪದದೊಳಗಿನ ಧ್ವನಿ ಬದಲಿಸಿಯೂ ಪ್ರಮಾಣ ಹೇಳುವುದುಂಟು. ಅ, ಒ ಸ್ವರಗಳು ಹಗುರ, ಚಿಕ್ಕ, ಉಜ್ವಲ ಎಂಬ ಭಾವ ಕೊಟ್ಟರೆ, ಅವುಗಳ ಜೋಡಿ ಸ್ವರಗಳು ಭಾರ, ದೊಡ್ಡ, ಮಬ್ಬು ಎಂಬ ಭಾವ ಕೊಡುತ್ತವೆ. ಸಣ್ಣ ತೊರೆ 'ಜೊಲ್ಜೊಲ್' ಎಂದು ಹರಿದರೆ ನೀರು ಹೆಚ್ಚಾದಾಗ 'ಜುಲ್ಜುಲ್'. 'ಪ್ಪಲ್ಗಥ' ಕೆಂಪು, 'ಸೆಪ್ಪಲ್ಗಥ' ಕಡುಗೆಂಪು, 'ಬುಲ್ಗುಸುರುಮ್ಹದ' ನಸುಗೆಂಪು.

ಕೃದಂತ ಮುಂದೆ, ನಾಮಪದ ಹಿಂದೆ, ಕ್ರಿಯಾಪದ ಕೊನೆಗೆ ಎಂಬ ಈ ಕ್ರಮ ದ್ರಾವಿಡ ಭಾಷೆಗಳದ್ದೂ ಹೌದು. ಕೊರಿಯಾದಲ್ಲಿ ನೆಲೆಸಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು. ಇವು ಒಂದೇ ಕುಲದವು ಎಂಬ ವಾದವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ಆದರೆ ರಚನೆಯ ಸಾಮ್ಯ ನಿಜವಾದದ್ದು. 'ಮನ್‌ಖುಮ್' ಅನ್ನು ಇಂಗ್ಲಿಷ್ ಮೂಲಕ ಕಲಿಯುವುದಕ್ಕಿಂತ ನೇರವಾಗಿ 'ಅಷ್ಟು'ವಿನ ಮೂಲಕ ಕಲಿಯುವುದು ಕನ್ನಡಿಗರಿಗೆ ಸುಲಭ.