ಹಾಸಿಗೆಯ ಲೆಕ್ಕವೂ ಗಡಿಯ ಗೆರೆಯೂ

ಆಸ್ಪತ್ರೆಯ ಹಾಸಿಗೆಗಳನ್ನು ದೇಶದ ಜನರಿಗೆಲ್ಲ ನ್ಯಾಯವಾಗಿ ಹಂಚುವುದು ಹೇಗೆ? ಸ್ವಾತಂತ್ರ್ಯದ ಹೊಸ್ತಿಲಲ್ಲಿ ಈ ಪ್ರಶ್ನೆಯನ್ನು ಕ್ರಮವಾಗಿ ಎತ್ತಿಕೊಂಡದ್ದು ಸರ್ ಜೋಸೆಫ್ ಭೋರ್ ಅವರ ಸಮಿತಿ. 1943ರಲ್ಲಿ ನೇಮಕಗೊಂಡ ಸಮಿತಿ 1946ರಲ್ಲಿ ವರದಿಯನ್ನೊಪ್ಪಿಸಿತು. ಆಗ ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಜನರಿಗೆ 0.24 ಹಾಸಿಗೆ, ಎಂದರೆ ಸುಮಾರು ನಾಲ್ಕು ಸಾವಿರ ಮಂದಿಗೆ ಒಂದು. ಇಂಗ್ಲೆಂಡಿನಲ್ಲಾದರೋ ಸಾವಿರಕ್ಕೆ ಏಳಕ್ಕೂ ಮಿಕ್ಕಿತ್ತು. ಹಣ ತೆರಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು ಸಮಿತಿಯ ಮೂಲತತ್ತ್ವ. ಹತ್ತರಿಂದ ಇಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಗಳ ಆಸ್ಪತ್ರೆ, ಅದರ ಮೇಲೆ 650 ಹಾಸಿಗೆಗಳದು, ಜಿಲ್ಲೆಗೆ 2,500 ಹಾಸಿಗೆಗಳದು: ಹೀಗೆ ಮೂರು ಮೆಟ್ಟಿಲುಗಳನ್ನು ಅದು ಕಲ್ಪಿಸಿತು. ಕೆಳಗೆ ಗುಣವಾಗದ ರೋಗಿ ಮೇಲಿನ ಮೆಟ್ಟಿಲಿಗೆ ಹೋಗಬೇಕು.

ಅಂದು ನಮ್ಮ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನಮ್ಮ ಹಿರಿಯರಿಗೆ ಜಿಲ್ಲೆಯ ದೊಡ್ಡಾಸ್ಪತ್ರೆ ಎಂದರೆ ಮಂಗಳೂರಿನ ವೆನ್ಲಾಕ್. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಆಸ್ಪತ್ರೆ ಮೈಸೂರು ರಾಜ್ಯದಲ್ಲಿ ಉಳಿಯಿತು. ಮೆಟ್ಟಿಲುಗಳ ನಡುವೆ ಗೆರೆ ಬಿತ್ತು. ರೋಗಿಗಳು ಮಾತ್ರ ತಲಪಾಡಿ ದಾಟುವ ಹಳೆಯ ದಾರಿಯನ್ನು ಬಿಡಲಿಲ್ಲ. ದೂರ ಕಡಿಮೆ, ಮೇಲಾಗಿ ಕನ್ನಡದಲ್ಲೋ ತುಳುವಿನಲ್ಲೋ ನೋವನ್ನು ಹೇಳಿಕೊಳ್ಳಬಹುದಿತ್ತು.

ಆದರೆ ಹಾಸಿಗೆಯ ಲೆಕ್ಕ ನಡೆಯುವುದು ರಾಜ್ಯ, ಜಿಲ್ಲೆಗಳ ಜನಸಂಖ್ಯೆಯ ಮೇಲೆ. ನಮ್ಮವರು ಮಲಗುವ ಹಾಸಿಗೆ ನಮ್ಮ ಜಿಲ್ಲೆಯ ಪಟ್ಟಿಯಲ್ಲಿಲ್ಲ. ಆ ಹಾಸಿಗೆ ಇರುವ ಜಿಲ್ಲೆಯ ಜನಗಣತಿಯಲ್ಲಿ ನಾವಿಲ್ಲ.

2020ರ ಮಾರ್ಚಿಯಲ್ಲಿ ಕೋವಿಡ್ ಭಯದಿಂದ ಗಡಿಯ ರಸ್ತೆಗಳು ಮುಚ್ಚಿದಾಗ ಈ ಲೋಪ ಬಯಲಾಯಿತು. ಮಂಗಳೂರಿನವರ ಅಂಜಿಕೆಯೂ ನಿಷ್ಕಾರಣವಲ್ಲ. ಅಲ್ಲಿನ ಹಾಸಿಗೆಗಳೂ ಎಣಿಕೆಯವೇ. ವ್ಯಾಜ್ಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ವೇಳೆಗೆ ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಅಷ್ಟರೊಳಗೆ ದಾರಿ ಕಾಣದೆ ಕೆಲವರು ತೀರಿಕೊಂಡಿದ್ದರು. 2013ರಲ್ಲಿ ಶಂಕುಸ್ಥಾಪನೆಯಾಗಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಏಳು ವರ್ಷಗಳ ಕೆಲಸಕ್ಕೆ ಒಂದು ವಿಪತ್ತು ಅವಸರ ತಂದಿತು.

ಹಾಸಿಗೆಯನ್ನು ಹಂಚುವವರು ಊರಿನ ತಲೆಗಳನ್ನಷ್ಟೇ ಎಣಿಸಿದರೆ ಸಾಲದು. ರೋಗಿ ಎಲ್ಲಿಂದ ಬಂದನೆಂಬುದನ್ನೂ ಎಣಿಸಬೇಕು. ಆ ಲೆಕ್ಕದಲ್ಲಿ ಎರಡೂ ರಾಜ್ಯಗಳು ಪಾಲುದಾರರಾಗಬೇಕು. ನಮ್ಮ ಜಿಲ್ಲೆಯೊಳಗೆ ನಮ್ಮದೇ ಹಾಸಿಗೆಯೂ ಬೇಕು, ತಲಪಾಡಿಯ ದಾರಿಯೂ ತೆರೆದಿರಬೇಕು. ಇವೆರಡನ್ನೂ ಕೇಳುವುದು ದುರಾಸೆಯಲ್ಲ. ಗಡಿನಾಡಿನಲ್ಲಿ ಬದುಕುವವರ ನ್ಯಾಯವಾದ ಪಾಲು.