ನರಗುಂದದ ಗುಡ್ಡ, ಬುತ್ತಿ ಗಂಟು ಮತ್ತು ಒಂದು ಖಾಲಿ ಸಾಲು

1/6
ದೀಪಾವಳಿ ರಜೆಯ ಕೊನೆಯ ಭಾನುವಾರ. ಹೆಬ್ಬಳ್ಳಿಯಿಂದ ಒಂದು ಬಾಡಿಗೆ ಕ್ರೂಸರ್. ಒಳಗೆ ನಾವು ಹನ್ನೊಂದು ಮಂದಿ, ಅದರಲ್ಲಿ ನಾಲ್ಕು ಸಣ್ಣ ಹುಡುಗರು. ಹೊರಟಿದ್ದು ನರಗುಂದದ ಗುಡ್ಡಕ್ಕೆ.

"ಅಲ್ಲೇನೈತಿ ನೋಡಾಕ?" ಅಂತ ಸ್ಟೋರಿ ನೋಡಿ ಬಹಳ ಮಂದಿ ಕೇಳಿದ್ರಿ. ಅದಕ್ಕೇ ಈ ಸಲ ಉದ್ದ ಬರೀತಿದ್ದೀನಿ. ಹೌದು, ಅದು ಮುಳ್ಳಯ್ಯನಗಿರಿ ಅಲ್ಲ. ಮಂಜಿಲ್ಲ, ಜಲಪಾತ ಇಲ್ಲ. ಆದ್ರೆ ನಮ್ಮ ಕಡೆಯ ಎರಿ ಹೊಲ ಎಷ್ಟು ಸಪಾಟು ಅಂತ ನಿಮಗೆ ಗೊತ್ತಲ್ಲ? ಜೋಳ, ಕಡ್ಲಿ, ಮತ್ತೆ ಜೋಳ. ನವಲಗುಂದ ದಾಟಿ ಮುಂದೆ ಹೋದಂತೆ ಆ ಬಯಲಿನ ನಡುವೆ ಗುಡ್ಡವೊಂದು ಎದ್ದು ನಿಂತಿರುತ್ತೆ. ದೂರದಿಂದಲೇ ಮೇಲಿನ ಕೋಟೆ ಗೋಡೆಯ ಗೆರೆ ಕಾಣುತ್ತೆ. ಹುಡುಗರು ಕಿಟಕಿಗೆ ಮೂಗು ಹಚ್ಚಿ "ಬಂತು ಬಂತು" ಅಂತ ಅರ್ಧ ತಾಸು ಕೂಗಿದ್ರು. ಗುಡ್ಡ ಮಾತ್ರ ಅಲ್ಲೇ ಇತ್ತು, ಲಗೂನ ಹತ್ತಿರಾನೇ ಬರಲಿಲ್ಲ.

2/6
ಸಣ್ಣವರನ್ನು ಕರ್ಕೊಂಡು ಗುಡ್ಡ ಹತ್ತೋದು ಅಂದ್ರೆ ಹತ್ತು ಹೆಜ್ಜೆಗೆ ಒಂದು ನೀರು, ಇಪ್ಪತ್ತು ಹೆಜ್ಜೆಗೆ ಒಂದು ಬಿಸ್ಕಿಟ್. ಅರ್ಧಕ್ಕೆ ಬಂದಾಗ ಇಬ್ಬರು ಅಪ್ಪನ ಹೆಗಲ ಮೇಲೆ, ಕಾಕಾನ ಹೆಗಲ ಮೇಲೆ. ಐದು ವರ್ಷದ ನನ್ನ ತಂಗಿ, ಕಾಕಾ ಕಾಕುನ ಮಗಳು, ಒಬ್ಬಳೇ ಕೊನೆ ತನಕ ನಡೆದಳು. ಹೆಸರು ಬರೆಯೋದಿಲ್ಲ. ಇಲ್ಲಿ ಅವಳು 'ಪುಟ್ಟಿ' ಅಷ್ಟೇ.

ಮೇಲೆ ಒಡೆದ ಗೋಡೆ, ಮುಳ್ಳುಕಂಟಿ, ಮತ್ತೆ ಗಾಳಿ. ಎಂಥ ಗಾಳಿ ಅಂತೀರಿ! ಈ ಕೋಟೆಯನ್ನ ಶಿವಾಜಿ ಕಟ್ಟಿಸಿದ ಅಂತ ಹೇಳ್ತಾರೆ. 1785ರಲ್ಲಿ ಟಿಪ್ಪುವಿನ ಸೈನ್ಯ ಇದನ್ನ ಮುತ್ತಿತ್ತು. ಆಗ ಇಲ್ಲಿ ಆಳುತ್ತಿದ್ದವರು ಭಾವೆ ಮನೆತನದವರು. ಅದೇ ಮನೆತನದ ಕೊನೆಯ ದೊರೆ ಭಾಸ್ಕರರಾವ್ ಭಾವೆ. ಜನ ಕರೆಯೋದು ಬಾಬಾಸಾಹೇಬ. ಶಾಲೆ ಪುಸ್ತಕದಲ್ಲಿ 'ನರಗುಂದದ ಬಂಡಾಯ' ಅಂತ ನಾಲ್ಕು ಸಾಲು ಓದಿದ್ದು ನೆನಪಿದ್ರೆ, ಅವರೇ ಇವರು.

3/6
ಗೋಡೆಯ ನೆರಳಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರನ್ನ. ಹುಡುಗರು "ಅಕ್ಕಾ, ರಾಜನ ಕಥಿ ಹೇಳು" ಅಂದ್ರು. ನನಗೂ ಹುರುಪು. ಶುರು ಮಾಡಿದೆ.

"ಆ ರಾಜಗ ಗಂಡ ಮಕ್ಕಳು ಇರಲಿಲ್ಲ. ದತ್ತಕ ತಗೋತೀನಿ ಅಂತ ಇಂಗ್ಲಿಷರಿಗೆ ಕೇಳಿದ. ಅವರು ಬ್ಯಾಡ ಅಂದ್ರು."

ಪುಟ್ಟಿ ರೊಟ್ಟಿ ಮುರಿಯುತ್ತಾ ಕೇಳಿದಳು: "ದತ್ತಕ ಅಂದ್ರೇನಕ್ಕಾ?"

ಎಲ್ಲಾರೂ ಸುಮ್ಮನಾದ್ರು. ಯಾಕಂದ್ರೆ ಪುಟ್ಟಿಯನ್ನ ಕಾಕಾ ಕಾಕು ದತ್ತಕ ತಗೊಂಡಿದ್ದಾರೆ. ಅವಳಿಗೆ ವಿಷಯ ಗೊತ್ತು. ಕಾಕು ಮೊದಲಿನಿಂದಲೂ "ನೀ ನಾವು ಹುಡುಕಿಕೊಂಡು ಬಂದ ಮಗಳು" ಅಂತ ಹೇಳುತ್ತಾ ಬಂದಿದ್ದಾಳೆ. ಆದ್ರೆ ಆ ಶಬ್ದ ಅವಳಿಗೆ ಹೊಸದು.

ಸುಮ್ಮನಾಗೋಕೆ ಇನ್ನೊಂದು ಕಾರಣ ಇತ್ತು, ಅದು ನನ್ನದು. ಅಜ್ಜ ಹೊಲದ ವಾಟ್ನಿ ಮಾಡಬೇಕು ಅಂತ ಹೊರಟಿದ್ದಾರೆ. ಹೋದ ತಿಂಗಳು ವಂಶಾವಳಿ ಬರೆಯೋ ಕೆಲಸ ನನಗೇ ಬಂತು, ಬಿಕಾಂ ಓದೋಳು ಅಂತ. ಪುಟ್ಟಿಯ ಹೆಸರು ಬಂದಾಗ ಒಬ್ಬ ಹಿರಿಯ ಸಂಬಂಧಿಕರು "ಅದು ದತ್ತಕ ಐತಿ, ಸದ್ಯ ಬ್ಯಾಡ, ಆಮ್ಯಾಲೆ ನೋಡೂಣು" ಅಂದ್ರು. ಕಾಕಾ ಅಲ್ಲಿರಲಿಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ನಾನು ಆ ಸಾಲು ಖಾಲಿ ಬಿಟ್ಟೆ.

4/6
ಈಗ ಇತಿಹಾಸ. ಇದನ್ನ ನಾನು ಗುಡ್ಡದ ಮೇಲೆ ಕೂತಾಗಲೇ ಮೊದಲ ಸಲ ಜೋಡಿಸಿ ನೋಡಿದ್ದು.

ನಮ್ಮ ಸುತ್ತಮುತ್ತ ನಡೆದ ಎರಡು ದೊಡ್ಡ ಬಂಡಾಯ ಯಾವುವು? ಕಿತ್ತೂರು ಮತ್ತು ನರಗುಂದ. ಎರಡರಲ್ಲೂ ಜಗಳದ ಬೇರು ದತ್ತಕ.

1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ್ರು. ದತ್ತಕ ಬಂದ ಹುಡುಗ ಶಿವಲಿಂಗಪ್ಪ. ಧಾರವಾಡದಲ್ಲಿ ಕೂತಿದ್ದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಯುದ್ಧ ಆಯ್ತು, ಥ್ಯಾಕರೆ ಸತ್ತ. ಚೆನ್ನಮ್ಮನ ಕಥೆ ನಿಮಗೆ ಹೇಳಬೇಕಾಗಿಲ್ಲ.

ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಹೆತ್ತ ಮಗ ಇಲ್ಲದಿದ್ರೆ, ಕಂಪನಿ ದತ್ತಕ ಒಪ್ಪದಿದ್ರೆ, ಸಂಸ್ಥಾನ ಕಂಪನಿಗೆ. ಹಂಗೇ 1848ರಲ್ಲಿ ಸಾತಾರಾ ಹೋಯ್ತು, 1854ರಲ್ಲಿ ಝಾನ್ಸಿ ಹೋಯ್ತು. ಅದಕ್ಕೂ ಇಪ್ಪತ್ನಾಲ್ಕು ವರ್ಷ ಮೊದಲೇ ಕಿತ್ತೂರಿನವರು ಅದೇ ರುಚಿ ನೋಡಿಯಾಗಿತ್ತು.

ಅಕೌಂಟ್ಸ್ ಓದೋರಿಗೆ ಇದು ಥಟ್ ಅಂತ ತಿಳಿಯುತ್ತೆ. ಮಗು ಯಾರದು ಅನ್ನೋದು ಕಂಪನಿಗೆ ಬೇಕಿರಲಿಲ್ಲ. ಅವರ ಕಣ್ಣು ಇದ್ದದ್ದು ಕಂದಾಯದ ಮೇಲೆ. ವಾರಸುದಾರನ ಹೆಸರಿನ ಮುಂದೆ ಖಾಲಿ ಸಾಲು ಇದ್ರೆ ಅವರಿಗೆ ಲಾಭ.

5/6
ಬಾಬಾಸಾಹೇಬರ ಅರ್ಜಿಯನ್ನೂ ಕಂಪನಿ ತಳ್ಳಿಹಾಕಿತು. ಅದರ ಮೇಲೆ 1857ರಲ್ಲಿ ಆಯುಧ ಒಪ್ಪಿಸಿ ಅನ್ನೋ ಕಾಯ್ದೆ ಬಂತು. ಆ ಕಾಯ್ದೆ ವಿರುದ್ಧ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಎದ್ದರು, ಊರೇ ಸುಟ್ಟುಹೋಯ್ತು. 1858ರ ಮೇ ಕೊನೆಯಲ್ಲಿ ಮುಂಡರಗಿ ಭೀಮರಾಯರು ಎದ್ದರು. ಅದೇ ದಿನಗಳಲ್ಲಿ ನರಗುಂದವೂ.

ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ಈ ಕಡೆ ಬರುತ್ತಾ ಸುರೇಬಾನದಲ್ಲಿ ತಂಗಿದ್ದ. ಮೇ 29ರ ರಾತ್ರಿ ಬಾಬಾಸಾಹೇಬರ ಸವಾರರು ಅವನನ್ನ ಕೊಂದರು. ಅವನ ತಲೆಯನ್ನ ತಂದು ನರಗುಂದದ ಅಗಸಿಗೆ ತೂಗುಹಾಕಿದರು. (ಇದನ್ನ ಹುಡುಗರಿಗೆ ಹೇಳಲಿಲ್ಲ.) ಜೂನ್ ಮೊದಲ ವಾರದಲ್ಲೇ ಕೋಟೆ ಇಂಗ್ಲಿಷರ ಕೈಸೇರಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರು ಸಿಕ್ಕಿಬಿದ್ದರು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲು. ಎರಡು ವಾರದೊಳಗೆ ಎಲ್ಲಾ ಮುಗಿದುಹೋಯ್ತು.

ಒಂದು ಮಾತು ಮುಚ್ಚಿಡಬಾರದು. ಬಾಬಾಸಾಹೇಬರು ಹೋರಾಡಿದ ದತ್ತಕವೂ ಗಂಡು ಹುಡುಗನಿಗಷ್ಟೇ. ಆ ಕಾಲದಲ್ಲಿ ಪುಟ್ಟಿಯಂಥವಳು ಕಂಪನಿಯ ಕಾಗದದಲ್ಲೂ ಇಲ್ಲ, ರಾಜನ ಅರ್ಜಿಯಲ್ಲೂ ಇಲ್ಲ. ಹಿಂದೂ ಕುಟುಂಬಗಳು ಹೆಣ್ಣುಮಗುವನ್ನೂ ದತ್ತಕ ತಗೋಬಹುದು, ಹಂಗೆ ಬಂದ ಮಗು ಹೆತ್ತ ಮಗುವಿಗೆ ಸಮ ಅಂತ ಕಾಯ್ದೆ ಬಂದಿದ್ದು 1956ರಲ್ಲಿ. ನರಗುಂದ ಬಿದ್ದ ಮೇಲೆ 98 ವರ್ಷ.

6/6
ಪುಟ್ಟಿಯ ಪ್ರಶ್ನೆ ಹಾಗೇ ಇತ್ತಲ್ಲ. ನನಗೆ ಬಾಯಿ ಬರಲಿಲ್ಲ. ಉತ್ತರ ಕೊಟ್ಟವರು ಅಜ್ಜ.

"ದತ್ತಕ ಅಂದ್ರ, ಇಕಿ ನಮ್ಮಾಕಿ ಅಂತ ಹತ್ತು ಮಂದಿ ಮುಂದ ಹೇಳೂದವ್ವಾ."

"ನಾನೂ ದತ್ತಕ?"

"ಹೂಂ. ಹತ್ತು ಮಂದಿ ಇಲ್ಲೇ ಅದಾರ, ನೋಡು."

ಪುಟ್ಟಿ ಬೆರಳು ಮಡಚಿ ಎಣಿಸಿದಳು. ತನ್ನನ್ನ ಬಿಟ್ಟು ಸರಿಯಾಗಿ ಹತ್ತು. "ಬರೋಬ್ಬರಿ ಐತಿ" ಅಂದು ಇನ್ನೊಂದು ರೊಟ್ಟಿ ಕೇಳಿದಳು. ಕಾಕು ಆ ಕಡೆ ಮುಖ ತಿರುಗಿಸಿ ನೀರಿನ ಬಾಟಲಿ ಹುಡುಕಿದಳು. ಬಾಟಲಿ ಅವಳ ತೊಡೆ ಮೇಲೇ ಇತ್ತು.

ಇಳಿಯುವಾಗ ಕಾಕಾಗೆ ಖಾಲಿ ಸಾಲಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಗೊತ್ತಿತ್ತು" ಅಂದ್ರು ಅಷ್ಟೇ. ಬೈದಿದ್ರೆ ಚಲೋ ಇತ್ತು. ಮನೆಗೆ ಬಂದ ರಾತ್ರಿ ಹೊಸ ಹಾಳೆಯಲ್ಲಿ ಎಲ್ಲಾ ಮೊದಲಿನಿಂದ ಬರೆದೆ. ಕಾಕಾನ ಹೆಸರಿನ ಕೆಳಗೆ ಪುಟ್ಟಿಯ ಪೂರ್ತಿ ಹೆಸರು, ಪಕ್ಕದಲ್ಲಿ 'ಮಗಳು'. ಅಜ್ಜ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಮಾಡಿದ್ರು. ಆ ಹಿರಿಯರು ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ.

ಇದನ್ನ ಕಾಕು ಓದಿ ಹೂಂ ಅಂದ ಮೇಲೇ ಹಾಕ್ತಿದ್ದೀನಿ.

ಹೋಗೋರಿಗೆ: ಬೆಳಿಗ್ಗೆ ಲಗೂ ಹೊರಡ್ರಿ, ಮೇಲೆ ನೆರಳು ಕಡಿಮೆ. ನೀರು ಕೆಳಗಿಂದಲೇ ಒಯ್ರಿ. ಸಣ್ಣವರ ಕೈ ಬಿಡಬ್ಯಾಡ್ರಿ, ಗೋಡೆ ಅಲ್ಲಲ್ಲಿ ಸಡಿಲಾಗಿದೆ. ಪ್ಲಾಸ್ಟಿಕ್ ವಾಪಸ್ ತರ್ರಿ. 1980ರ ನರಗುಂದ ರೈತ ಬಂಡಾಯ ಬೇರೇ ಕಥೆ, ಮುಂದಿನ ಸರಣಿಯಲ್ಲಿ ಬರೀತೀನಿ.

ನಿಮ್ಮ ಊರಿನ ಗುಡ್ಡಕ್ಕೆ ಏನು ಕಥೆ ಇದೆ? ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ ಇವತ್ತೇ ಕೇಳಿ, ಕಮೆಂಟ್‌ನಲ್ಲಿ ಹಾಕಿ.

#ನರಗುಂದ #ಹೆಬ್ಬಳ್ಳಿ #ನಮ್ಮಇತಿಹಾಸ #ಬಾಬಾಸಾಹೇಬ